ಮುನ್ನೂರು ನಿಮಿಷ

ಅತ್ತೆ ತೀರಿಕೊಂಡ ಇಪ್ಪತ್ತೆರಡನೆಯ ದಿನ ಮ್ಯಾನೇಜರ್ ನನ್ನನ್ನು ಕರೆದು, ಶುಕ್ರವಾರದ ಸಭೆಗೆ ಒಂದು ವರದಿ ಬೇಕು ಎಂದರು. ಯಾವ ವರದಿ ಎಂದು ನಾನು ಕೇಳಲಿಲ್ಲ. ಅತ್ತೆ ಹೋದ ದಿನವೇ ನಮ್ಮ ಡಿಪೋದ ಫೋನುಗಳು ಬೆಳಗಿನಿಂದ ಮಧ್ಯಾಹ್ನದವರೆಗೆ ಕೆಟ್ಟು ಕೂತಿದ್ದವು. ಅದು ಯಾರ ತಪ್ಪು ಎಂದು ಹೇಳುವ ವರದಿ.

"ಬರೆಯೋಕೆ ಜಾಸ್ತಿ ಏನಿಲ್ಲ," ಎಂದರು. "ನಮ್ಮ ಇಕ್ಕಳ ಇದಾನಲ್ಲ, ಅವನು ಎರಡು ದಿನ ಮುಂಚೆ ರೂಟರ್ ಮುಟ್ಟಿದ್ದ. ಅಲ್ಲೇನೋ ಎಡವಟ್ಟು ಮಾಡಿದಾನೆ. ವಯಸ್ಸಾಯ್ತಲ್ಲ. ನೀನು ಪರೀಕ್ಷೆ ಮಾಡೋಳು, ನೀನೊಂದು ಪುಟ ಬರೆದುಕೊಟ್ರೆ ಹೆಡ್ಡಾಫೀಸು ಒಪ್ಪುತ್ತೆ. ಅವನ ಕರಾರು ಈ ತಿಂಗಳಿಗೆ ಮುಗಿಯುತ್ತೆ. ಮುಂದುವರಿಸೋದಿಲ್ಲ, ಅಷ್ಟೆ."

"ಸರಿ ಸರ್," ಎಂದೆ.

ಆ ಇಪ್ಪತ್ತೆರಡು ದಿನ ನಾನು ಎಲ್ಲದಕ್ಕೂ ಸರಿ ಎನ್ನುತ್ತಿದ್ದೆ. ಇನ್ನೊಂದು ಸ್ವಲ್ಪ ಅನ್ನ ಹಾಕಲೇ ಎಂದರೆ ಸರಿ. ಅಮ್ಮನ ಬಟ್ಟೆಗಳನ್ನು ಯಾರಿಗಾದರೂ ಕೊಟ್ಟುಬಿಡೋಣವೇ ಎಂದು ಗಂಡ ಕೇಳಿದರೆ ಸರಿ. ಕಾಲಿಗೆ ಜೋಮು ಹಿಡಿದಾಗ ಚಿವುಟಿದರೂ ಗೊತ್ತಾಗುವುದಿಲ್ಲವಲ್ಲ, ನಾನು ಇಡಿಯಾಗಿ ಹಾಗಿದ್ದೆ. ಆದರೆ ಮ್ಯಾನೇಜರಿಗೆ ಸರಿ ಎಂದದ್ದು ಬೇರೆ. ತಪ್ಪು ಇಕ್ಕಳನದಲ್ಲ, ನನ್ನದು ಎಂದು ಗೊತ್ತಿದ್ದೇ ಹಾಗೆ ಹೇಳಿದೆ.

ನಮ್ಮದು ಪಾರ್ಸೆಲ್ ಕಂಪನಿ. ಲಾರಿಗಳು ನಿಲ್ಲುವ ಅಂಗಳ, ಪೆಟ್ಟಿಗೆ ಪೇರಿಸುವ ಗೋದಾಮು, ಗೋದಾಮಿನ ಮೇಲೆ ತಗಡಿನ ಚಾವಣಿಯ ಕಚೇರಿ. ಕಚೇರಿಯ ಕೊನೆಯಲ್ಲಿ, ಶೌಚಾಲಯಕ್ಕೂ ಹಳೆಯ ಕಡತಗಳ ಕೋಣೆಗೂ ನಡುವೆ, ನೆಟ್‌ವರ್ಕ್ ಕೋಣೆ. ಒಳಗೆ ಸದಾ ಚಳಿ, ಸದಾ ಫ್ಯಾನುಗಳ ಸದ್ದು. ಮೊಬೈಲನ್ನು ಹೊರಗಿನ ಪೆಟ್ಟಿಗೆಯಲ್ಲಿಟ್ಟು ಬರಬೇಕು ಎಂಬುದು ನಿಯಮ. ಮೇಜಿನ ಮೇಲೆ ಕಚೇರಿಯ ಫೋನು ಒಂದಿದೆ. ಹೊರಗಿನವರು ಯಾರೇ ಫೋನ್ ಮಾಡಿದರೂ ಆ ಕರೆ ಮೊದಲು ಹೆಡ್ಡಾಫೀಸಿಗೆ ಹೋಗಿ, ಅಲ್ಲಿಂದ ಒಂದೇ ಒಂದು ಲೈನಿನಲ್ಲಿ ನಮ್ಮ ಡಿಪೋಗೆ ಬರುತ್ತದೆ. ಬಿಲ್ಲುಗಳು, ಕ್ಯಾಮೆರಾದ ಚಿತ್ರಗಳು, ಯಾರೋ ಕದ್ದು ನೋಡುವ ಸಿನಿಮಾ, ಎಲ್ಲವೂ ಬರಬೇಕಾದದ್ದು ಅದೇ ಲೈನಿನಲ್ಲಿ. ಆ ನೂಕುನುಗ್ಗಲಿನಲ್ಲಿ ಮಾತಿಗೆ ಮೊದಲು ದಾರಿ ಸಿಗುವ ಹಾಗೆ ರೂಟರಿಗೆ ಹೇಳಿಕೊಡುವವನು ಇಕ್ಕಳ. ಅದು ಹೇಳಿದ ಹಾಗೆ ನಡೆದುಕೊಳ್ಳುತ್ತಿದೆಯೇ ಎಂದು ಪರೀಕ್ಷಿಸುವವಳು ನಾನು.

ಇದನ್ನು ಅತ್ತೆಗೆ ಅರ್ಥ ಮಾಡಿಸಲು ಒಮ್ಮೆ ಒಂದು ಭಾನುವಾರವನ್ನೇ ಕಳೆದಿದ್ದೆ.

"ರಸ್ತೇಲಿ ಆಂಬುಲೆನ್ಸಿಗೆ ದಾರಿ ಬಿಡ್ತಾರಲ್ಲ ಅತ್ತೆ, ಹಾಗೆ."

"ಮಾತಿಗೆ ಅಂಥ ಏನು ಅವಸರ? ಬಿಲ್ಲು ಮೊದ್ಲು ಹೋಗ್ಲಿ ಬಿಡು. ಮಾತು ಎಲ್ಲಿಗೆ ಓಡಿಹೋಗುತ್ತೆ?"

"ಬಿಲ್ಲು ಒಂದು ನಿಮಿಷ ತಡವಾಗಿ ಬಂದ್ರೂ ಪೂರ್ತಿ ಬರುತ್ತೆ. ನಡುವೆ ಬಿದ್ದುಹೋದ್ರೆ ಇನ್ನೊಂದ್ಸಲ ತರಿಸ್ಕೋಬಹುದು. ಮಾತು ಹಾಗಲ್ಲ. ತಡವಾದ್ರೆ ಬಂದೂ ಪ್ರಯೋಜನ ಇಲ್ಲ."

ಅತ್ತೆ, "ಇಷ್ಟಕ್ಕೆ ಸಂಬಳ ಕೊಡ್ತಾರಾ?" ಎಂದಿದ್ದರು. ಅವತ್ತಿನಿಂದ ನನ್ನನ್ನು ಇಂಜಿನಿಯರಮ್ಮ ಎಂದು ಕರೆಯತೊಡಗಿದರು. ನಾನು ಇಂಜಿನಿಯರ್ ಅಲ್ಲ, ಡಿಪ್ಲೊಮಾ ಮಾಡಿದವಳು ಎಂದು ಎಷ್ಟು ಹೇಳಿದರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಕಿವಿಗೆ ಹಾಕಿಕೊಳ್ಳದಿರುವುದು ಅವರಿಗೆ ಹುಟ್ಟುಗುಣ. ಸ್ಟೂಲು ಹತ್ತಬೇಡಿ ಎಂದರೆ ಹತ್ತಿ ಬಲ್ಬು ಬದಲಿಸಿ ಇಳಿದಿರುತ್ತಿದ್ದರು. ಮಧ್ಯಾಹ್ನ ಒಂದಿಷ್ಟು ಮಲಗಿ ಎಂದರೆ ಕಿಟಕಿಯ ಗಾಜು ಒರೆಸುತ್ತಿದ್ದರು. ಮೊಬೈಲು ತಂದುಕೊಟ್ಟರೆ ಅದನ್ನು ಡಬ್ಬಿಯ ಸಮೇತ ಬೀರುವಿನಲ್ಲಿಟ್ಟು, ಮನೆಯ ಹಳೆಯ ಫೋನಿನಲ್ಲೇ ಮಾತಾಡುತ್ತಿದ್ದರು. ಆ ಫೋನಿನ ಮೇಲೆ ಗೋಡೆಯಲ್ಲಿ ಪೆನ್ಸಿಲಿನಿಂದ ದಪ್ಪಗೆ ನನ್ನ ಕಚೇರಿಯ ನಂಬರು ಬರೆದುಕೊಂಡಿದ್ದರು. ಮಗನ ಕನ್ನಡಕದ ಅಂಗಡಿಯ ನಂಬರನ್ನೂ ಬರೆದಿದ್ದರು, ಆದರೆ ಅಲ್ಲಿಗೆ ಮಾಡುತ್ತಿರಲಿಲ್ಲ. "ಅವನಿಗೆ ಏನು ಹೇಳಿದ್ರೂ ಗಾಬರಿ ಬೀಳ್ತಾನೆ. ನೀನು ಗಟ್ಟಿ," ಎನ್ನುತ್ತಿದ್ದರು. ಹಾಗಾಗಿ ದಿನಾ ಹನ್ನೊಂದರ ಸುಮಾರಿಗೆ ನನಗೇ ಫೋನು. ಕತ್ತರಿ ಎಲ್ಲಿಟ್ಟೆ, ಗ್ಯಾಸಿನವನು ಬಂದರೆ ಏನು ಹೇಳಲಿ, ಟೀವಿಯಲ್ಲಿ ಚಿತ್ರ ಇದೆ ಧ್ವನಿ ಇಲ್ಲ. ನಾನೂ ದಿನಾ ಸಿಡುಕುತ್ತಿದ್ದೆ. ಫೋನ್ ಇಟ್ಟಮೇಲೆ ಪಕ್ಕದಲ್ಲಿದ್ದ ಇಕ್ಕಳ, "ಇವತ್ತೇನು ಕಳೆದೋಯ್ತು?" ಎಂದು ನಗುತ್ತಿದ್ದ.

ಇಕ್ಕಳ ಅವನ ಹೆಸರಲ್ಲ. ಅಂಗಿಯ ಜೇಬಿನಲ್ಲಿ ಯಾವಾಗಲೂ ಒಂದು ಇಕ್ಕಳ ಇಟ್ಟುಕೊಂಡಿರುತ್ತಿದ್ದ, ಅದರ ಭಾರಕ್ಕೆ ಅವನ ಎಲ್ಲ ಅಂಗಿಗಳೂ ಎಡಗಡೆ ಜೋತುಬಿದ್ದಿದ್ದವು. ಈ ಕಟ್ಟಡದ ಒಂದೊಂದು ತಂತಿಯನ್ನೂ ಅವನೇ ಎಳೆದವನು. ರೂಟರಿಗೆ ಆಜ್ಞೆ ಬರೆಯುವುದನ್ನು ನಲವತ್ತು ದಾಟಿದ ಮೇಲೆ ಕಲಿತ. ಒಂದೊಂದು ಸಾಲು ಹೊಡೆದು, ಅದನ್ನು ಬಾಯಿಬಿಟ್ಟು ಓದಿ, ಆಮೇಲೆ ಮುಂದಿನ ಸಾಲಿಗೆ ಹೋಗುತ್ತಿದ್ದ. ನಾನು ಅವನನ್ನು ಅಣ್ಣ ಎನ್ನುತ್ತೇನೆ. ನನ್ನ ಸ್ವಂತ ಅಣ್ಣಂದಿರಿಗೆ ಅಷ್ಟು ಮರ್ಯಾದೆ ಕೊಟ್ಟವಳಲ್ಲ.

ಇನ್ನು ಆ ದಿನದ ವಿಷಯ.

ಇಕ್ಕಳ ಹೊಸ ನಿಯಮ ಹಾಕಿ ಎರಡು ದಿನವಾಗಿತ್ತು. ನಾನು ಪರೀಕ್ಷೆ ಮಾಡಬೇಕಿತ್ತು. ಮಾತಿಗೆ ಮೊದಲು ದಾರಿ ಎಂದರೆ ಮಿತಿ ಇಲ್ಲದ ದಾರಿಯಲ್ಲ. ಇಷ್ಟರವರೆಗೆ ನೀನೇ ಮುಂದೆ, ಅದಕ್ಕಿಂತ ಹೆಚ್ಚಾದರೆ ಹೆಚ್ಚಾದದ್ದನ್ನು ಎಸೆಯುತ್ತೇನೆ ಎಂದು ರೂಟರ್ ಒಂದು ಗೆರೆ ಹಾಕಿಕೊಂಡಿರುತ್ತದೆ. ಆ ಗೆರೆ ಗಟ್ಟಿಯಾಗಿದೆಯೇ ಎಂದು ನೋಡಲು ಹೆಡ್ಡಾಫೀಸಿನ ಕಡೆಯಿಂದ ನಮ್ಮ ಕಡೆಗೆ ಸುಳ್ಳು ಮಾತು ಕಳಿಸುತ್ತೇನೆ. ಮಾತು ಎಂದು ಚೀಟಿ ಅಂಟಿಸಿದ ಖಾಲಿ ಪ್ಯಾಕೆಟ್ಟುಗಳು, ಅಂದರೆ ಒಳಗೆ ಏನೂ ಇಲ್ಲದ ಡೇಟಾ ತುಣುಕುಗಳು, ಮಿತಿಯ ಎರಡರಷ್ಟು. ಅರ್ಧ ಬಿದ್ದುಹೋಗಬೇಕು. ಬಿದ್ದರೆ ಪರೀಕ್ಷೆ ಪಾಸು. ಯಾವುದು ನಿಜವಾದ ಮಾತು, ಯಾವುದು ನನ್ನ ಸುಳ್ಳು ಎಂದು ರೂಟರಿಗೆ ತಿಳಿಯುವುದಿಲ್ಲ. ಎರಡರಲ್ಲೂ ಅರ್ಧರ್ಧ ಎಸೆಯುತ್ತದೆ. ಅದಕ್ಕೇ ಇದನ್ನು ಕಚೇರಿ ತೆರೆಯುವ ಮೊದಲು, ಐದೇ ನಿಮಿಷ ಮಾಡಿ ಮುಗಿಸುತ್ತೇವೆ.

ಎಂಟು ಗಂಟೆಗೆ ಶುರು ಮಾಡಿದೆ. ಎಷ್ಟು ಹೊತ್ತು ಎಂದು ತಂತ್ರಾಂಶ ಕೇಳುತ್ತದೆ. ಏಳು ವರ್ಷದಿಂದ ಆ ಖಾನೆಯಲ್ಲಿ 300 ಎಂದೇ ಹೊಡೆದಿದ್ದೇನೆ. ಮುನ್ನೂರು ಸೆಕೆಂಡು, ಐದು ನಿಮಿಷ. ಹಿಂದಿನ ವಾರ ತಂತ್ರಾಂಶದ ಹೊಸ ಆವೃತ್ತಿ ಹಾಕಿದ್ದೆವು. ಅದರಲ್ಲಿ ಖಾನೆ ಅದೇ, ಜಾಗ ಅದೇ, ಅಳತೆ ಮಾತ್ರ ನಿಮಿಷ. ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ಬರೆದೂ ಇತ್ತು. ನನ್ನ ಬೆರಳು ಅದನ್ನು ಓದುವುದಿಲ್ಲ. 300 ಹೊಡೆಯಿತು. ಅರ್ಧ ಬೀಳುತ್ತಿರುವುದನ್ನು ನೋಡಿ, ಪಾಸು ಎಂದು ಪುಸ್ತಕದಲ್ಲಿ ಬರೆದು, ಕೆಳಗೆ ಗೋದಾಮಿಗೆ ಹೊಸ ಕ್ಯಾಮೆರಾ ನೋಡಲು ಹೋದೆ.

ಒಂಬತ್ತು ಗಂಟೆಗೆ ಫೋನುಗಳು ಶುರುವಾದವು. ವಿಚಾರಣೆ ಕೌಂಟರಿನಾಕೆ ಓಡಿಬಂದು, "ಯಾರು ಮಾತಾಡಿದ್ರೂ ಕರಕರ ಅಂತಿದೆ. ಹಲೋ ಹಲೋ ಅಂದು ಗಂಟಲು ಕಟ್ಟಿತು," ಎಂದಳು. ವಿಚಿತ್ರವೆಂದರೆ ಆ ಕಡೆಯವರಿಗೆ ನಮ್ಮ ಮಾತು ಚೆನ್ನಾಗಿ ಕೇಳುತ್ತಿತ್ತು, ಅವರದ್ದು ನಮಗೆ ಕೇಳುತ್ತಿರಲಿಲ್ಲ. ಈ ಒಂದು ಮಾತಿನಿಂದಲೇ ನನಗೆ ಹೊಳೆಯಬೇಕಿತ್ತು, ನನ್ನ ಸುಳ್ಳು ಮಾತು ಹರಿಯುವುದೂ ಅದೊಂದೇ ದಿಕ್ಕಿನಲ್ಲಿ ತಾನೇ. ಹೊಳೆಯಲಿಲ್ಲ. ನಾನೂ ಇಕ್ಕಳನೂ ತಂತಿ ನೋಡಿದೆವು, ಪೋರ್ಟ್ ನೋಡಿದೆವು, ಹೆಡ್ಡಾಫೀಸಿನವರನ್ನು ಬೈದೆವು. ನನ್ನ ಸ್ವಂತ ಪರದೆಯಲ್ಲಿ, ನಾಲ್ಕು ಕಿಟಕಿಗಳ ಹಿಂದೆ, ಪರೀಕ್ಷೆ ತನ್ನ ಪಾಡಿಗೆ ಓಡುತ್ತಿತ್ತು. ಊರೆಲ್ಲ ಹುಡುಕುವವರು ಮನೆಯ ಮಂಚದ ಕೆಳಗೆ ನೋಡುವುದಿಲ್ಲ.

ಹನ್ನೊಂದು ಹತ್ತಕ್ಕೆ ನನ್ನ ಮೇಜಿನ ಫೋನು ಹೊಡೆದುಕೊಂಡಿತು. ಮನೆಯ ನಂಬರು. ಎತ್ತಿದರೆ ಬರೀ ಕರಕರ, ನಡುನಡುವೆ ಅತ್ತೆಯ ಧ್ವನಿಯ ಚೂರು, ಯಾವುದೂ ಮಾತು ಎನ್ನಿಸಿಕೊಳ್ಳುವಷ್ಟಿಲ್ಲ. ಕೇಳಿಸುತ್ತಿಲ್ಲ, ಆಮೇಲೆ ಮಾಡಿ ಎಂದು ಹೇಳಿ ಇಟ್ಟೆ. ಹೊರಗೆ ಹೋಗಿ ಮೊಬೈಲಿನಿಂದ ಮಾಡಬಹುದಿತ್ತು. ಹತ್ತು ಹೆಜ್ಜೆ. ಕತ್ತರಿ ಕಳೆದಿರುತ್ತದೆ, ಮನೆಗೆ ಹೋದಮೇಲೆ ಹುಡುಕಿಕೊಟ್ಟರಾಯಿತು ಎಂದುಕೊಂಡೆ.

ಒಂದು ಗಂಟೆಗೆ ಫೋನುಗಳು ತಾವಾಗಿಯೇ ಸರಿಹೋದವು. ಇಕ್ಕಳ ತಲೆ ಕೆರೆದುಕೊಂಡು ಊಟಕ್ಕೆ ಹೋದ. ನಾನು ಪರದೆಯ ಮುಂದೆ ಕುಳಿತು ಕಿಟಕಿಗಳನ್ನು ಒಂದೊಂದಾಗಿ ಮುಚ್ಚುತ್ತ ಬಂದೆ. ಕೊನೆಯದರಲ್ಲಿ, ಪರೀಕ್ಷೆ ಪೂರ್ಣಗೊಂಡಿದೆ, ಅವಧಿ 300 ನಿಮಿಷ ಎಂದು ಬಂದಿತ್ತು.

ಇಕ್ಕಳ ಬಂದ ಕೂಡಲೇ ಹೇಳಬೇಕು, ನಗುತ್ತಾನೆ, ಬೈಯುತ್ತಾನೆ, ಟೀ ಕುಡಿಸು ಎನ್ನುತ್ತಾನೆ ಎಂದು ಯೋಚಿಸುತ್ತಿದ್ದದ್ದು ನೆನಪಿದೆ. ಒಂದು ಇಪ್ಪತ್ತೈದಕ್ಕೆ ಫೋನು ಬಂತು. ಗಂಡ, ಆಸ್ಪತ್ರೆಯಿಂದ. ಎದುರುಮನೆಯಾಕೆ ಕೇಳಿ ಒಯ್ದಿದ್ದ ಏಣಿ ಹಿಂದಿರುಗಿಸಲು ಬಂದಾಗ, ಬಾಗಿಲು ತೆರೆದೇ ಇತ್ತಂತೆ. ಅತ್ತೆ ಮಂಚದ ಮೇಲೆ, ಎದೆಯವರೆಗೆ ಹೊದ್ದುಕೊಂಡು ಮಲಗಿದ್ದರಂತೆ. ಉದ್ದ ತಂತಿಯ ಆ ಫೋನನ್ನು ಎಳೆದು ತಂದು ದಿಂಬಿನ ಪಕ್ಕದಲ್ಲಿಟ್ಟುಕೊಂಡಿದ್ದರಂತೆ. ಒಂದೆರಡು ಗಂಟೆ ಮುಂಚೆ ಕರೆತಂದಿದ್ದರೆ ಏನಾದರೂ ಮಾಡಬಹುದಿತ್ತು ಎಂದರಂತೆ ಡಾಕ್ಟರು. ಗಂಡನ ಒಂದೊಂದು ಅಕ್ಷರವೂ ಸ್ಪಷ್ಟವಾಗಿ ಕೇಳಿಸಿತು. ಆ ದಿನ ನನಗೆ ಸರಿಯಾಗಿ ಕೇಳಿಸಿದ ಮೊದಲ ಕರೆ ಅದು.

ಅಂದಿನಿಂದ ನಾನು ಯಾರಿಗೂ ಏನೂ ಹೇಳಲಿಲ್ಲ. ಕೆಲಸ ಹೋಗುತ್ತದೆಂಬ ಹೆದರಿಕೆ ಇರಲಿಲ್ಲ. ಹೆದರಿಕೆಯಾದರೂ ಬಂದಿದ್ದರೆ ಚೆನ್ನಾಗಿತ್ತು. ಫೋನು ಕೆಟ್ಟದ್ದು ನನ್ನ ಪರೀಕ್ಷೆಯಿಂದ ಎಂದು ಹೇಳಿದರೆ, ಅದರ ಬೆನ್ನಿಗೇ ಇನ್ನೊಂದನ್ನೂ ಹೇಳಿದಂತಾಗುತ್ತಿತ್ತು. ಅತ್ತೆಯ ಮಾತನ್ನು ಅಡಗಿಸಿದ್ದು ನಾನು. ಮೊದಲನೆಯದಕ್ಕೆ ನನ್ನ ಬಳಿ ಬಾಯಿ ಇತ್ತು, ಎರಡನೆಯದಕ್ಕೆ ಇರಲಿಲ್ಲ.

ಗಂಡ ಒಂದೇ ಸಲ ಕೇಳಿದ. ಐದನೆಯ ದಿನವೋ ಆರನೆಯ ದಿನವೋ, ಊಟ ಮಾಡುತ್ತಿದ್ದಾಗ.

"ಅಮ್ಮ ಅವತ್ತು ನಿಂಗೆ ಫೋನ್ ಮಾಡಿದ್ಳಾ? ರೀಡಯಲ್ ಒತ್ತಿದ್ರೆ ನಿನ್ನ ಆಫೀಸಿಗೇ ಹೋಯ್ತು."

"ಮಾಡಿದ್ರು. ಲೈನ್ ಸರಿ ಇರ್ಲಿಲ್ಲ. ಏನೂ ಕೇಳಿಸ್ಲಿಲ್ಲ."

"ಏನು ಹೇಳೋಕೆ ಮಾಡಿದ್ಳೋ," ಎಂದ. ಅಷ್ಟೇ. ತಟ್ಟೆಯಲ್ಲಿ ಬೆರಳಾಡಿಸುತ್ತ ಕುಳಿತಿದ್ದ. ಅವನು ಅತ್ತ. ನಾನು ಅವನ ಬೆನ್ನು ಸವರಿದೆ. ಸವರುತ್ತಿದ್ದ ಕೈ ಯಾರದ್ದೋ ಎನ್ನಿಸುತ್ತಿತ್ತು.

ಅವರು ಏನು ಹೇಳಲು ಮಾಡಿದ್ದರು ಎಂದು ತಿಳಿಯುವ ದಾರಿ ಒಂದಿತ್ತು. ಅದು ಇಡೀ ಜಗತ್ತಿನಲ್ಲಿ ನನಗೊಬ್ಬಳಿಗೇ ಗೊತ್ತಿತ್ತು. ಪರೀಕ್ಷೆ ನಡೆಯುವಷ್ಟು ಹೊತ್ತೂ ತಂತ್ರಾಂಶ ಲೈನಿನ ಎರಡು ತುದಿಯಲ್ಲಿ ಕುಳಿತು, ಹಾದುಹೋಗುವ ಎಲ್ಲವನ್ನೂ ದಾಖಲಿಸಿಕೊಳ್ಳುತ್ತದೆ. ಆ ತುದಿಯದ್ದು 'ಹೊರಟದ್ದು', ಈ ತುದಿಯದ್ದು 'ತಲುಪಿದ್ದು'. ಎರಡನ್ನೂ ಹೋಲಿಸಿದರೆ ನಡುವೆ ಎಷ್ಟು ಕಳೆಯಿತೆಂದು ತಿಳಿಯುತ್ತದೆ. ಅತ್ತೆಯ ಮಾತು ಕತ್ತರಿಸಿಹೋದದ್ದು ನಡುದಾರಿಯಲ್ಲಿ. ಹೆಡ್ಡಾಫೀಸಿನ ತುದಿಗೆ ಬಂದಾಗ ಅದು ಇಡಿಯಾಗಿಯೇ ಇತ್ತು. ಅಂದರೆ 'ಹೊರಟದ್ದು' ಎಂಬ ಕಡತದಲ್ಲಿ ಅವರ ಮಾತು ಪೂರ್ತಿ ಇದೆ. ಇಪ್ಪತ್ತೆರಡು ದಿನ ನಾನು ಆ ಕಡತವನ್ನು ತೆರೆಯಲೂ ಇಲ್ಲ, ಅಳಿಸಲೂ ಇಲ್ಲ.

ಬುಧವಾರ ಬೆಳಗ್ಗೆ ಇಕ್ಕಳ ನನ್ನ ಮೇಜಿಗೆ ಬಂದ. ಕೈಯಲ್ಲಿ ಅವನ ನೋಟುಪುಸ್ತಕ. ರೂಟರಿಗೆ ಹಾಕಿದ ಆಜ್ಞೆಗಳನ್ನೆಲ್ಲ ಅವನು ಕೈಯಲ್ಲಿ ಬರೆದಿಟ್ಟುಕೊಳ್ಳುತ್ತಾನೆ. ಗಲಾಟೆಯ ಮರುದಿನವೇ ಹೆಡ್ಡಾಫೀಸಿನವರು ಗಾಬರಿಯಲ್ಲಿ ರೂಟರನ್ನು ಅಳಿಸಿ ಹೊಸದಾಗಿ ಬರೆದಿದ್ದರಿಂದ, ಅವನು ಮಾಡಿದ್ದು ಸರಿಯಿತ್ತು ಎನ್ನಲು ಈ ಪುಸ್ತಕ ಬಿಟ್ಟರೆ ಬೇರೆ ಏನೂ ಉಳಿದಿರಲಿಲ್ಲ. ಕೈಬರಹವನ್ನು ಸಾಕ್ಷಿ ಎಂದು ಯಾರು ಒಪ್ಪುತ್ತಾರೆ.

"ನೋಡಮ್ಮ, ನೀನೊಂದ್ಸಲ ಓದು," ಎಂದ. "ನಾನು ಐವತ್ತು ಸಲ ಓದಿದೆ. ತಪ್ಪು ಕಾಣ್ತಾ ಇಲ್ಲ. ಆದ್ರೆ ಇಲ್ಲಿ ಬರೆದದ್ದು ಒಂದು, ಅಲ್ಲಿ ಹೊಡೆದದ್ದು ಇನ್ನೊಂದು ಆಗಿರಬಹುದು. ಈಚೆಗೆ ಆರೂ ಎಂಟೂ ಒಂದೇ ಥರ ಕಾಣುತ್ತೆ ನಂಗೆ."

"ತಪ್ಪಿಲ್ಲ ಅಣ್ಣ."

"ನಿಂಗೆ ಹೇಗೆ ಗೊತ್ತು? ನನ್ನ ಕೈ ಮೇಲೆ ನಂಗೇ ನಂಬಿಕೆ ಇಲ್ಲ ಈಗ. ನಿನ್ನೆ ಮನೇಲಿ ಒಂದು ಪ್ಲಗ್ ಹಾಕೋಕೆ ಹೋಗಿ, ಬೇಡ ಅಂತ ಬಿಟ್ಟೆ. ಹೆಂಡತಿ ಎಲೆಕ್ಟ್ರಿಷಿಯನ್‌ನ ಕರೆಸಿದ್ಳು. ನನ್ನ ಮನೆಗೆ! ಎಲೆಕ್ಟ್ರಿಷಿಯನ್!"

ಅವನು ನಗಲು ನೋಡಿದ. ನಾನು ಪುಸ್ತಕದಿಂದ ಕಣ್ಣೆತ್ತಿದಾಗ ಅವನ ಜೇಬು ಕಂಡಿತು. ಖಾಲಿ. ಇಕ್ಕಳ ಉಜ್ಜಿ ಉಜ್ಜಿ ಸವೆದ ಜಾಗದಲ್ಲಿ ಬಟ್ಟೆ ತೆಳ್ಳಗಾಗಿ ಒಳಗಿನ ಬನಿಯನ್ ಕಾಣುತ್ತಿತ್ತು.

ಆಗ ನನಗೆ ನಾಚಿಕೆಯಾಯಿತು. ಅಷ್ಟು ದಿನಗಳಲ್ಲಿ ಮೊದಲ ಸಲ ಏನೋ ಒಂದು ಆಯಿತು, ಅದು ದುಃಖವಾಗಿರಲಿಲ್ಲ. ನಾನು ಬಾಯಿಗೆ ಬೀಗ ಹಾಕಿಕೊಂಡು ಕುಳಿತಿದ್ದಾಗ ಈ ಮನುಷ್ಯ ಮೂವತ್ತು ವರ್ಷದ ಕೈಕಸುಬನ್ನು ಮನೆಯಲ್ಲಿ ಬಿಚ್ಚಿಟ್ಟು ಬರುತ್ತಿದ್ದ. ಅಲ್ಲೇ ಹೇಳಿಬಿಡಬಹುದಿತ್ತು. ಆದರೆ ಅವನಿಗೊಬ್ಬನಿಗೇ ಹೇಳಿದರೆ ಅವನು ಮುಚ್ಚಿಟ್ಟುಬಿಡುತ್ತಾನೆ, ನನ್ನ ಮನೆಯ ಸಾವು ನೆನೆದು ತಪ್ಪನ್ನು ತಾನೇ ಹೊತ್ತುಕೊಳ್ಳುತ್ತಾನೆ ಎಂದು ಗೊತ್ತಿತ್ತು. "ಶುಕ್ರವಾರ ಸಭೆಗೆ ನೀವೂ ಬನ್ನಿ ಅಣ್ಣ," ಎಂದೆ.

ಶುಕ್ರವಾರ ಸಭೆಯಲ್ಲಿ ಮೂರೇ ಜನ. ಮ್ಯಾನೇಜರ್, ಇಕ್ಕಳ, ನಾನು. ಮ್ಯಾನೇಜರ್ ಮುಂದೆ, ಕರಾರು ಮುಂದುವರಿಸುವುದಿಲ್ಲ ಎಂಬ ಪತ್ರ ಸಹಿಯೊಂದು ಬಿಟ್ಟು ಸಿದ್ಧವಾಗಿತ್ತು. ನಾನು ಲ್ಯಾಪ್‌ಟಾಪ್ ತೆರೆದು ವರದಿ ಓದಿದೆ. ಪರೀಕ್ಷೆ, ಖಾನೆ, ಸೆಕೆಂಡು, ನಿಮಿಷ. ತಪ್ಪು ನನ್ನದು. ಬೇರೆಯವರ ವರದಿ ಓದುವ ಹಾಗೆಯೇ ಓದಿದೆ.

ಇಕ್ಕಳ ನನ್ನನ್ನೇ ನೋಡುತ್ತಿದ್ದ. ಮ್ಯಾನೇಜರ್ ಕನ್ನಡಕ ತೆಗೆದರು.

"ನೋಡಮ್ಮ, ನೀನು ಈಗ ದುಃಖದಲ್ಲಿದ್ದೀಯ. ಅವನ ಮೇಲೆ ನಿಂಗೆ ಅಭಿಮಾನ, ಅದು ಎಲ್ಲರಿಗೂ ಗೊತ್ತು. ಅವನನ್ನ ಉಳಿಸೋಕೆ ನೀನು ತಲೆ ಕೊಡ್ತಿದ್ದೀಯ ಅಂತ ಹೆಡ್ಡಾಫೀಸಿನವರು ಹೇಳಲ್ವಾ? ಪರೀಕ್ಷೆಯ ದಾಖಲೆ ಎಲ್ಲಿ?"

"ಫಲಿತಾಂಶದ ಪಟ್ಟಿ ಏಳು ಪರೀಕ್ಷೆಗೊಂದ್ಸಲ ಅಳಿಸಿಹೋಗುತ್ತೆ ಸರ್. ಎರಡು ತುದಿಯ ಕಡತ ಉಳಿದಿವೆ. ಈ ಗೆರೆ ನೋಡಿ, ಇದು ನನ್ನ ಪ್ಯಾಕೆಟ್ಟು…"

"ಗೆರೆ ಗಿರೆ ನಂಗೆ ತಿಳಿಯಲ್ಲ, ಅವರಿಗೂ ತಿಳಿಯಲ್ಲ. ಕಿವೀಲಿ ಕೇಳೋ ಹಾಗಿದ್ರೆ ಕೇಳಿಸು."

ಕೇಳಿಸಬಹುದಿತ್ತು. ಆದರೆ ಗಿರಾಕಿಗಳ ಕರೆಯನ್ನು ತೆರೆದು ಕೇಳುವಂತಿಲ್ಲ, ಅದು ಕಂಪನಿಯ ನಿಯಮ. ಸಿಬ್ಬಂದಿಯ ಮೇಜಿಗೆ ಬಂದ ಕರೆಯಾದರೆ, ಆ ಸಿಬ್ಬಂದಿ ಒಪ್ಪಿದರೆ ಕೇಳಬಹುದು. ಆ ಐದು ಗಂಟೆಗಳಲ್ಲಿ ನೆಟ್‌ವರ್ಕ್ ಕೋಣೆಗೆ ಹೊರಗಿನಿಂದ ಬಂದದ್ದು ಒಂದೇ ಕರೆ. ಇದು ಇಲ್ಲಿಗೇ ಬಂದು ನಿಲ್ಲುತ್ತದೆ ಎಂದು ನನಗೆ ಬುಧವಾರವೇ ಗೊತ್ತಿತ್ತು.

"ನನ್ನ ಒಪ್ಪಿಗೆ ಇದೆ," ಎಂದು ಕಾಗದದ ಮೇಲೆ ಬರೆದು ಸಹಿ ಹಾಕಿ, ಮೊದಲು 'ತಲುಪಿದ್ದು' ಹಾಕಿದೆ.

ಕರಕರ. ಚೂರು. ಕರಕರ. ಮ್ಯಾನೇಜರ್ ಮುಖ ಕಿವುಚಿದರು. ಕೊನೆಯಲ್ಲಿ ನನ್ನ ಧ್ವನಿ, ಸಿಡುಕಿನ ಧ್ವನಿ, ಗಂಟೆ ಹೊಡೆದಷ್ಟು ಸ್ಪಷ್ಟ. ಮತ್ತೆ ಸ್ವಲ್ಪ ಕರಕರ. ಮುಗಿಯಿತು.

"ಸರಿ, ಕೆಟ್ಟಿದೆ," ಎಂದರು. "ಆದ್ರೆ ಇದು ನಿನ್ನ ಪರೀಕ್ಷೆಯಿಂದಲೇ ಅಂತ ಹೇಗೆ ಹೇಳ್ತೀಯ? ಆ ಕಡೆಯವರ ಫೋನೇ ಕೆಟ್ಟಿರಬಹುದು."

"ಕೆಟ್ಟಿದ್ರೆ ಹೊರಡುವಾಗಲೇ ಕೆಟ್ಟಿರಬೇಕಲ್ಲ ಸರ್. ಹೊರಟದ್ದು ಹಾಕ್ತೀನಿ, ನೋಡಿ."

ಇಕ್ಕಳನಿಗೆ ಆಗ ತಿಳಿಯಿತು. ದಿನಾ ಆ ಫೋನಿನ ಪಕ್ಕದಲ್ಲಿ ಕುಳಿತವನಲ್ಲವೇ. ಅರ್ಧ ಎದ್ದು, "ಬೇಡಮ್ಮ. ಹೋಗ್ಲಿ ಬಿಡು. ನನ್ನ ಕೆಲಸ ಹೋದ್ರೆ ಹೋಗ್ಲಿ," ಎಂದ.

"ಕೂತ್ಕೊಳ್ಳಿ ಅಣ್ಣ," ಎಂದು ಗುಂಡಿ ಒತ್ತಿದೆ.

ಅತ್ತೆ ಕೋಣೆಯೊಳಗೆ ಬಂದು ಕುಳಿತ ಹಾಗೆ ಕೇಳಿಸಿತು. ಹಿಂದೆ ನಮ್ಮ ಅಡುಗೆಮನೆಯ ನಲ್ಲಿ ತೊಟ್ಟಿಕ್ಕುವುದು ಕೂಡ ಕೇಳುತ್ತಿತ್ತು.

"ಇಂಜಿನಿಯರಮ್ಮ, ಕೆಲಸದಲ್ಲಿದ್ದೀಯೇನೋ. ಎರಡೇ ನಿಮಿಷ. ಬೆಳಗ್ಗೆಯಿಂದ ಎಡಗೈ ಒಂಥರಾ ಸೋಲ್ತಾ ಇದೆ, ಎದೇಲೂ ಭಾರ. ಬೆವರು ಬೇರೆ. ಗಾಬರಿ ಬೀಳ್ಬೇಡ. ಎದುರುಮನೆಯವಳನ್ನ ಕರೆದು ಆಸ್ಪತ್ರೆಗೆ ಹೋಗ್ಲಾ, ಇಲ್ಲ ಒಂದ್ಸ್ವಲ್ಪ ಹೊತ್ತು ನೋಡ್ಲಾ ಅಂತ ಕೇಳೋಕೆ ಮಾಡ್ದೆ. ಅವನಿಗೆ ಹೇಳಿದ್ರೆ ಅಂಗಡಿ ಮುಚ್ಚಿ ಓಡಿ ಬರ್ತಾನೆ. ನೀನು ಹೇಳು, ಏನು ಮಾಡ್ಲಿ?"

"ಅತ್ತೆ, ಒಂದಕ್ಷರ ಕೇಳಿಸ್ತಿಲ್ಲ. ಇಲ್ಲಿ ತಲೆ ಕೆಟ್ಟುಹೋಗಿದೆ. ಅಂಥ ಅವಸರ ಏನಿರುತ್ತೆ, ಸುಮ್ನೆ ಸ್ವಲ್ಪ ಮಲಗಿ. ಆಮೇಲೆ ಮಾಡಿ."

ನಲ್ಲಿ ಎರಡು ಸಲ ತೊಟ್ಟಿಕ್ಕಿತು.

"ಆಯ್ತಮ್ಮ, ಮಲಗ್ತೀನಿ. ಆಮೇಲೆ ಮಾಡ್ತೀನಿ. ನೀನು ಹೊತ್ತಿಗೆ ಸರಿಯಾಗಿ ಊಟ ಮಾಡು."

ಮಲಗಿ ಎಂದದ್ದು ನನಗೆ ನೆನಪೇ ಇರಲಿಲ್ಲ. ಆಮೇಲೆ ಮಾಡಿ ಎಂದದ್ದು ಮಾತ್ರ ನೆನಪಿತ್ತು.

ಮ್ಯಾನೇಜರ್, "ಯಾರಿದು?" ಎಂದರು. ಆಮೇಲೆ ಅವರಿಗೂ ತಿಳಿಯಿತು. ಪತ್ರವನ್ನು ಮಡಚಿ, ಇನ್ನೊಮ್ಮೆ ಮಡಚಿ, ಜೇಬಿಗೆ ಹಾಕಿಕೊಂಡರು. ಇಕ್ಕಳ ಮುಖ ಮುಚ್ಚಿಕೊಂಡು ಅಳುತ್ತಿದ್ದ. ಅವನ ಕೆಲಸ ಉಳಿಯಿತು ಎಂದು ನನಗೆ ಸಂತೋಷವಾಗಬೇಕಿತ್ತು. ಸಂಜೆ ಗಂಡನನ್ನು ಕೂರಿಸಿ ಇದನ್ನು ಕೇಳಿಸಬೇಕು, ಅಮ್ಮ ಏನು ಹೇಳಲು ಮಾಡಿದ್ದಳು ಎಂಬುದು ಅವನಿಗೂ ಗೊತ್ತಾಗಬೇಕು ಎಂದುಕೊಂಡೆ. ಆಮೇಲೆ ಅವನು ನನ್ನನ್ನು ಏನೆಂದರೂ ಸರಿ.

ಎರಡು ಕಡತವೂ ಪೂರ್ತಿ ಓಡಿದ ಮೇಲೆ ತಂತ್ರಾಂಶ ತಾನಾಗಿಯೇ ಅಂಕ ಕೊಡುತ್ತದೆ. ಪರದೆಯ ಮೇಲೆ ಎರಡು ಸಾಲು ಬಂದವು. ಅತ್ತೆಯಿಂದ ನನಗೆ: ಕಳೆದದ್ದು ನೂರಕ್ಕೆ ನಲವತ್ತೊಂಬತ್ತು, ಗುಣಮಟ್ಟ ಅತಿ ಕಳಪೆ. ನನ್ನಿಂದ ಅತ್ತೆಗೆ: ಕಳೆದದ್ದು ಸೊನ್ನೆ, ಗುಣಮಟ್ಟ ಅತ್ಯುತ್ತಮ. ನಾನು ಹೇಳಿದ್ದರಲ್ಲಿ ಒಂದು ಚೂರೂ ದಾರಿಯಲ್ಲಿ ಬಿದ್ದುಹೋಗಿರಲಿಲ್ಲ. ಹನ್ನೊಂದು ವರ್ಷದಲ್ಲಿ ಅತ್ತೆ ನಾನು ಹೇಳಿದ ಹಾಗೆ ಮಾಡಿದ್ದು ಅದೊಂದೇ ಸಲ.